ಉಪ್ಪಿನ ಓಣಿಯ ತಿರುವು

ಹನ್ನೊಂದು ವರ್ಷದ ಹಿಂದೆ, ಮಾವನನ್ನು ಮಣ್ಣು ಮಾಡಿದ ದಿನ, ನಾನು ನನ್ನ ಅತ್ತೆಗೆ ಒಂದು ಮಾತು ಕೊಟ್ಟೆ. ಅತ್ತೆಯನ್ನು ನಾವು ಮನೆಯಲ್ಲಿ ಮಾಯಿ ಎಂದು ಕರೆಯುತ್ತೇವೆ. ಮಾವನ ಶವದ ಪೆಟ್ಟಿಗೆ ನಮ್ಮ ಉಪ್ಪಿನ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಆರು ಮಂದಿ ಗಂಡಸರು ಮುಂದೆ ತಳ್ಳಿ, ಹಿಂದೆ ಎಳೆದು, ಓರೆ ಮಾಡಿ ನೋಡಿದರು. ಕಡೆಗೆ ಪಕ್ಕದ ಮನೆಯ ಬಡಗಿ ಪದ್ಮನಾಭಣ್ಣ, "ನಿಲ್ಲಿಸದೆ ಆಗುದಿಲ್ಲ" ಅಂದರು. ಬೀರು ನಿಲ್ಲಿಸಿದ ಹಾಗೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರು. ಒಳಗೆ ಏನೋ ಜಾರಿ ಕುಸಿದ ಸದ್ದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಕೇಳಿಸದವರ ಹಾಗೆ ಗೋಡೆ ನೋಡಿದರು. ಮಾಯಿ ಮಾತ್ರ ನನ್ನ ಮಣಿಕಟ್ಟು ಹಿಡಿದು, "ಸೆವ್ರಿನ್, ನನ್ನನ್ನು ಹೀಗೆ ನಿಲ್ಲಿಸಬೇಡ. ಮಲಗಿಸಿಯೇ ಹೊರಗೆ ತೆಗೀಬೇಕು" ಅಂದರು. "ಆಯ್ತು ಮಾಯಿ, ಮಲಗಿಸಿಯೇ" ಅಂದೆ. ಸೊಂಟದ ಮೇಲೆ ಒಂದು ವರ್ಷದ ಮಗು ಅಳುತ್ತಿತ್ತು, ಒಲೆಯ ಮೇಲೆ ಐವತ್ತು ಜನರ ಗಂಜಿ ಬೇಯುತ್ತಿತ್ತು. ಆ ಹೊತ್ತಿಗೆ ಯಾರು ಏನು ಕೇಳಿದ್ದರೂ ಕೊಡುತ್ತಿದ್ದೆ.

ನಮ್ಮ ಊರಿನ ರಸ್ತೆಗಳ ಗುಣ ಊರಿನವರಿಗೆಲ್ಲ ಗೊತ್ತು. ಕ್ರಿಸ್ಮಸ್ ಸೀಸನ್ನಿನಲ್ಲಿ ಹೊರಗಿನವರ ಸೈಕಲ್ ಓಡಿದ ರಸ್ತೆ ಅಗಲವಾಗುತ್ತದೆ. ಓಡದ ರಸ್ತೆ ಕಿರಿದಾಗುತ್ತದೆ. ಊರಿನವರು ತುಳಿದ ಸೈಕಲ್ಲಿಗೆ ಬೆಲೆಯಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ದಿನಕ್ಕೆ ನಾಲ್ಕು ಸಲ ನಮ್ಮ ಓಣಿಯಲ್ಲಿ ಸೈಕಲ್ ತುಳಿದಿದ್ದೇನೆ. ಅದು ಒಂದು ಬೆರಳು ಅಗಲವಾಗಲಿಲ್ಲ. ಅದೇ ಚರ್ಚಿನ ಮುಂದಿನ ಇಗರ್ಜಿ ಬೀದಿ ನೋಡಿ. ಮಾಯಿ ಮದುಮಗಳಾಗಿ ಬಂದಾಗ ಆ ಬೀದಿಯ ಹೆಂಗಸರು ಎದುರು ಮನೆಗೆ ಕಿಟಕಿಯಿಂದ ಕಿಟಕಿಗೆ ಸಾರಿನ ಪಾತ್ರೆ ದಾಟಿಸುತ್ತಿದ್ದರಂತೆ. ಈಗ ಮುದುಕರು ಅದನ್ನು ದಾಟುವಾಗ ನಡುವೆ ಕುಳಿತು ಸುಧಾರಿಸಿಕೊಳ್ಳಲಿಕ್ಕೆ ಕಮಿಟಿಯವರು ಬೆಂಚು ಹಾಕಿದ್ದಾರೆ. ಬೆಂಚಿನ ಮೇಲೆ ಕಮಿಟಿಯ ಹೆಸರು ಬರೆದಿದೆ.

ಕಮಿಟಿ ಅಂದರೆ ಸೀಸನ್ ಕಮಿಟಿ. ಅದರ ಅಧ್ಯಕ್ಷರು ಲಾದ್ರು ಪೊರ್ಬು. ಡಿಸೆಂಬರ್ ಒಂದರಿಂದ ಜನವರಿ ಆರರ ಮೂರು ರಾಯರ ಹಬ್ಬದ ತನಕ ಊರಿನಲ್ಲಿ ಮೋಟಾರು ಗಾಡಿ ಬಂದ್. ಪ್ರವಾಸಿಗಳು ಬಸ್ ಇಳಿದು ಸೈಕಲ್ ಹತ್ತುತ್ತಾರೆ. ಎಲ್ಲಿ ತುಳಿಯಬೇಕು ಎಂದು ನೆಲದ ಮೇಲೆ ಹಳದಿ ಬಾಣ ಬರೆದಿರುತ್ತದೆ. ಇಗರ್ಜಿ ಬೀದಿ, ದೀಪದ ಬೀದಿ, ದೀಪಸ್ತಂಭ, ಕಡಲ ದಂಡೆ, ಮತ್ತೆ ಇಗರ್ಜಿ. ಇದಕ್ಕೆ ರೂಟು ಎಂದು ಹೆಸರು. ಹಳದಿ ಬಾಣ ಬಿಟ್ಟು ಒಬ್ಬರೂ ಆಚೆ ಹೋಗದ ಹಾಗೆ ಪ್ರತಿ ಗುಂಪಿನ ಮುಂದೆ ಕೆಂಪು ಟೊಪ್ಪಿಯ ಒಬ್ಬರು ಗಂಟೆ ಬಾರಿಸುತ್ತಾ ಹೋಗಬೇಕು. ಒಂಬತ್ತು ಸೀಸನ್ನಿನಿಂದ ಆ ಕೆಂಪು ಟೊಪ್ಪಿ ನಾನು. ಬೆಳಗಿನ ಜಾವ ಬೇಕರಿಯಲ್ಲಿ ಹಿಟ್ಟು ನಾದಿ, ಮಗಳಿಗೆ ಜಡೆ ಹಾಕಿ, ಮಾಯಿಯ ಬೆನ್ನು ಒರೆಸಿ, ಹೋಗಿ ಪರವೂರಿನವರಿಗೆ ನಮ್ಮ ಊರು ಎಷ್ಟು ಚಂದ ಎಂದು ಹೇಳುವುದು. ನಾನು ಗಂಟೆ ಬಾರಿಸಿದ ಪ್ರತಿ ದಿನವೂ ನನ್ನ ಓಣಿ ಒಂದು ಕೂದಲೆಳೆ ಕಿರಿದಾಗಿದೆ. ಇದು ಗೊತ್ತಿದ್ದೇ ಬಾರಿಸಿದ್ದೇನೆ.

ಓಣಿಯವರು ಹೊಂದಿಕೊಂಡರು. ಹೊಂದಿಕೊಳ್ಳುವುದು ಅಂದರೆ ನನಗೆ ಈಗ ಮೈ ಉರಿಯುತ್ತದೆ, ಆದರೆ ಹೊಂದಿಕೊಂಡೆವು. ಪದ್ಮನಾಭಣ್ಣ ಎರಡು ಗೇಣು ಅಗಲದ ಮಂಚ, ಒಂದು ಗೇಣು ಆಳದ ಕಪಾಟು ಮಾಡಲಿಕ್ಕೆ ಕಲಿತರು. ಎದುರೆದುರು ಬಂದರೆ ನೀರಿನ ಕೊಡ ಹಿಡಿದವರಿಗೆ ದಾರಿ, ಉಳಿದವರು ಹತ್ತಿರದ ಮನೆಯೊಳಗೆ ನುಗ್ಗಿ ನಿಲ್ಲುವುದು. ಬಸುರಿಯರು ಆರನೇ ತಿಂಗಳಿಗೇ ತವರಿಗೆ ಹೋಗುವುದು. ನನ್ನ ಮಗಳು ಪ್ರೆಸಿಲ್ಲಾ ನಾಲ್ಕು ವರ್ಷದವಳಿದ್ದಾಗ ಕೈ ಚಾಚಿದರೆ ಎರಡೂ ಗೋಡೆಗೆ ಬೆರಳ ತುದಿ ತಾಗುತ್ತಿತ್ತು. ಈಗ ಹನ್ನೆರಡು. ಸೊಂಟದ ಮೇಲೆ ಕೈ ಇಟ್ಟು ನಿಂತರೆ ಎರಡು ಮೊಣಕೈಯೂ ತಾಗುತ್ತದೆ. "ಮಗು ಬೆಳೆದಿದೆ" ಎಂದು ನನ್ನ ಗಂಡ ಫೆಲಿಕ್ಸ್ ನಗುತ್ತಾನೆ. ಐಸ್ ಪ್ಲಾಂಟಿನಲ್ಲಿ ದಿನವಿಡೀ ಮಂಜುಗಡ್ಡೆ ಹೊತ್ತು ಬಂದವನಿಗೆ ಅಷ್ಟಾದರೂ ನಗು ಬರುತ್ತದೆ.

ಇದರಲ್ಲಿ ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ನಾಲ್ಕು ವರ್ಷದ ಹಿಂದೆ ಓಣಿಯವರೇ ಸೇರಿ ಓಣಿಯ ಬಾಯಿಗೆ ಒಂದು ಕಲ್ಲುಕಂಬ ನೆಟ್ಟೆವು. ಸೈಕಲ್ ಹ್ಯಾಂಡಲ್ ತಾಗಿ ಗೋಡೆಯ ಸುಣ್ಣ ಹೋಗುತ್ತದೆ, ಇಳಿದು ತಳ್ಳಿಕೊಂಡು ಬರಲಿ ಎಂದು. ದಾರಿ ತಪ್ಪಿ ಬರಬಹುದಾಗಿದ್ದ ಒಬ್ಬಿಬ್ಬರು ಪ್ರವಾಸಿಗಳೂ ಕಂಬ ನೋಡಿ ತಿರುಗಿ ಹೋದರು. ಸುಣ್ಣ ಉಳಿಯಿತು.

ಈ ಸಲ ನವೆಂಬರಿನಲ್ಲಿ ಮಾಯಿಗೆ ಉಸಿರು ಕಟ್ಟಲು ಶುರುವಾಯಿತು. ಡಾಕ್ಟರು ಅಡ್ಡಡ್ಡವಾಗಿ ಓಣಿಯಲ್ಲಿ ನಡೆದು ಬಂದು, ನೋಡಿ, "ಹಬ್ಬ ಕಾಣಬಹುದು, ಹೊಸ ವರ್ಷ ಹೇಳ್ಲಿಕ್ಕಾಗುದಿಲ್ಲ" ಅಂದರು. ಮಾಯಿ ಕೇಳಿಸಿಕೊಂಡರು. ಅವರು ಹೋದ ಮೇಲೆ, "ತಿರುವು ಎಷ್ಟುಂಟು ಈಗ?" ಎಂದು ಕೇಳಿದರು. ನಾನು ಗೊತ್ತಿಲ್ಲ ಅಂದೆ. ಗೊತ್ತಿತ್ತು. ಒಂದೂವರೆ ಮೊಳ. ಪೆಟ್ಟಿಗೆ ಮಲಗಿದ ಹಾಗೇ ತಿರುಗಬೇಕಾದರೆ ಎರಡೂವರೆ ಬೇಕು ಎಂದು ಪದ್ಮನಾಭಣ್ಣ ಅಳೆದು ಹೇಳಿದ್ದರು. ಸೈಕಲ್ ಹ್ಯಾಂಡಲ್ಲಿಗೆ ಎರಡು ಕಡೆಯೂ ಎರಡೆರಡು ಬೆರಳಷ್ಟೇ ಬಾಕಿ. ಮುಂದಿನ ವರ್ಷ ಓಣಿಯೊಳಗೆ ಸೈಕಲ್ಲೇ ಬರುವುದಿಲ್ಲ. ಬಾರದಿದ್ದರೆ ಇನ್ನು ಯಾವತ್ತೂ ಅಗಲವಾಗುವುದೂ ಇಲ್ಲ.

ಲಾದ್ರು ಪೊರ್ಬುಗಳ ಹತ್ತಿರ ಹೋದೆ. ಅವರು ವರಾಂಡದಲ್ಲಿ ನಕ್ಷತ್ರದ ಬಲ್ಬುಗಳನ್ನು ಒಂದೊಂದಾಗಿ ಹೊತ್ತಿಸಿ ನೋಡುತ್ತಿದ್ದರು. "ಒಂದು ದಿನ, ಒಂದೇ ಒಂದು ಗುಂಪು ನಮ್ಮ ಓಣಿಯಲ್ಲಿ ಹೋಗ್ಲಿ ಪೊರ್ಬುಗಳೇ" ಅಂದೆ. ಅವರು ಬಲ್ಬಿನಿಂದ ಕಣ್ಣು ತೆಗೆಯದೆ, "ನಿಮ್ಮ ಓಣಿಯಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಒಣಮೀನು, ಒಳಚಡ್ಡಿ. ಅವರು ಅಷ್ಟು ದೂರದಿಂದ ಬರುದು ಅದನ್ನು ನೋಡ್ಲಿಕ್ಕಾ?" ಅಂದರು. "ಮಾಯಿಯನ್ನು ನಿಲ್ಲಿಸಿ ತೆಗೀಬೇಕಾಗ್ತದೆ" ಅಂದೆ. "ಸತ್ತ ಮೇಲೆ ನಿಂತರೇನು, ಕೂತರೇನು? ಅವರಿಗೆ ಗೊತ್ತಾಗ್ತದಾ?" ಅವರ ಅಪ್ಪನ ಪೆಟ್ಟಿಗೆಯನ್ನು ಇಗರ್ಜಿ ಬೀದಿಯಲ್ಲಿ ಹನ್ನೆರಡು ಜನ ಸಾಲಾಗಿ ಹೊತ್ತದ್ದು ನನಗೆ ನೆನಪಿತ್ತು. ತಿರುಗಿ ಬಂದೆ. ಅದನ್ನು ಹೇಳಿದ್ದರೆ ಟೊಪ್ಪಿ ಹೋಗುತ್ತಿತ್ತು, ಮತ್ತು ಆ ಟೊಪ್ಪಿಯಿಂದ ನನಗೆ ಇನ್ನೂ ಒಂದು ಕೆಲಸವಿತ್ತು.

ನವೆಂಬರ್ ಮೂವತ್ತರ ಸಂಜೆ ಪದ್ಮನಾಭಣ್ಣ ಮತ್ತು ಫೆಲಿಕ್ಸ್ ಸೇರಿ ಕಲ್ಲುಕಂಬ ಕಿತ್ತರು. ನೆಡುವಾಗ ಇದ್ದಷ್ಟು ಜನ ಕೀಳುವಾಗ ಇರಲಿಲ್ಲ. ಮರುದಿನ ಬೆಳಿಗ್ಗೆ ಸೀಸನ್ನಿನ ಮೊದಲ ಗುಂಪು, ಹದಿನಾಲ್ಕು ಜನ, ನನ್ನ ಹಿಂದೆ. ದೀಪಸ್ತಂಭದ ಮೂಲೆಯಲ್ಲಿ ಹಳದಿ ಬಾಣ ಬಲಕ್ಕೆ ತೋರಿಸುತ್ತದೆ. ನಾನು ಗಂಟೆ ಬಾರಿಸಿ ಎಡಕ್ಕೆ ತಿರುಗಿದೆ. ಹದಿನಾಲ್ಕು ಸೈಕಲ್ಲೂ ಎಡಕ್ಕೆ ತಿರುಗಿದವು. ಅವರಿಗೆ ಬಾಣಕ್ಕಿಂತ ಟೊಪ್ಪಿ ದೊಡ್ಡದು. ಒಂಬತ್ತು ವರ್ಷ ಇದು ನನಗೆ ಹೊಳೆದಿರಲಿಲ್ಲ ಎಂದು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

"ಯಾರೂ ಇಳಿಯಬೇಡಿ, ಕಾಲು ಊರಬೇಡಿ, ತುಳಿಯುತ್ತಲೇ ಬನ್ನಿ" ಎಂದು ಕೂಗಿದೆ. ಇಳಿದು ತಳ್ಳಿದರೆ ಉಪಯೋಗವಿಲ್ಲ. ಗೋಡೆಗೆ ಗೆಣ್ಣು ತರಚಿಕೊಂಡು, ಕಿಲಕಿಲ ನಗುತ್ತಾ ಬಂದರು. "ಸೂಪರ್ ಆಗಿದೆ ಅಲ್ವಾ, ಅಡ್ವೆಂಚರ್ ತರ" ಎಂದು ಹಿಂದಿನಿಂದ ಒಬ್ಬ. ನಮ್ಮ ಮನೆಯ ಕಿಟಕಿಯ ಎದುರು ಒಬ್ಬಳು ಹುಡುಗಿ ಬ್ರೇಕು ಹಿಡಿದು ಗೋಡೆಗೆ ಭುಜ ಆನಿಸಿ ನಿಂತಳು. ಒಳಗೆ ಎರಡು ಗೇಣಿನ ಮಂಚದಲ್ಲಿ ಮಾಯಿ ದಿಂಬಿಗೆ ಒರಗಿ ಕೂತಿದ್ದರು. ದೀಪದ ಬೀದಿಯಲ್ಲಿ ಆಳೆತ್ತರದ ಗೊಂಬೆಗಳ ಕ್ರಿಸ್ಮಸ್ ಗೋದಲಿ ನೋಡಿ ಬಂದವಳಲ್ಲವೇ, "ಆಂಟಿ, ಈ ಅಜ್ಜಿ ಗೊಂಬೆನಾ, ನಿಜವಾದವರಾ?" ಎಂದು ನನ್ನನ್ನು ಕೇಳಿದಳು. ಮಾಯಿಯೇ ಉತ್ತರ ಕೊಟ್ಟರು. "ನಿಜವಾದವಳೇ ಮಗಾ. ಇನ್ನು ಸ್ವಲ್ಪ ದಿನ." ಹುಡುಗಿ ಫೋಟೋ ತೆಗೆದುಕೊಂಡಳು. ನನಗೆ ಆ ಫೋನನ್ನು ಕಿತ್ತು ಚರಂಡಿಗೆ ಎಸೆಯಬೇಕು ಅನಿಸಿತು. "ಮುಂದೆ ಹೋಗಮ್ಮ, ಹಿಂದಿನವರು ಕಾಯ್ತಿದ್ದಾರೆ, ಕಾಲು ಊರಬೇಡ" ಅಂದೆ.

ಸಂಜೆ ನಾನು ಬರುವಾಗ ಓಣಿಯಲ್ಲಿ ಬಟ್ಟೆ ಹಗ್ಗಗಳು ವೀಣೆಯ ತಂತಿಯ ಹಾಗೆ ಬಿಗಿದಿದ್ದವು. ಮರುದಿನವೂ, ಅದರ ಮರುದಿನವೂ ನನ್ನ ಗುಂಪನ್ನು ಅದೇ ದಾರಿಯಲ್ಲಿ ತಂದೆ. ಮೂರನೇ ದಿನಕ್ಕೆ ಹಗ್ಗ ಒಂದೊಂದೇ ಹರಿದವು. ಓಣಿಯ ನೆಲದ ತುಂಬ ಒದ್ದೆ ಲುಂಗಿ, ಸೀರೆ, ಶಾಲೆಯ ಸಮವಸ್ತ್ರ. ಹೆಂಗಸರು ಬೈಯುತ್ತಾ ಹೆಕ್ಕಿದರು, ಬೈಯುತ್ತಲೇ ನಕ್ಕರು. ಪದ್ಮನಾಭಣ್ಣನ ಮಹಡಿಯಿಂದ ಎದುರು ಮಹಡಿಗೆ ಹಾಕಿದ್ದ ಹಲಗೆ ಒಂದು ತುದಿ ತಪ್ಪಿ ಧಡ್ ಎಂದು ಬಿತ್ತು. ಅವರು ಹೊರಗೆ ಬಂದು ಹಲಗೆ ನೋಡಿ, ಗೋಡೆ ನೋಡಿ, "ಒಂದು ಗೇಣು ಬಂತು ಸೆವ್ರಿನ್" ಅಂದರು.  ಆ ಗೇಣು ಬೇರೆ ಯಾವ ಓಣಿಯಿಂದ ಬಂತು ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಒಳ್ಳೆಯವಳಾಗಿ ಉಳಿದಿರಲಿಲ್ಲ.

ಹತ್ತನೇ ದಿನ ಲಾದ್ರು ಪೊರ್ಬು ಬಂದರು. ಟೊಪ್ಪಿ ಕೇಳಲಿಕ್ಕೆ ಬಂದಿದ್ದಾರೆ ಎಂದುಕೊಂಡು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದೆ. ಅವರು ನಗುತ್ತಿದ್ದರು. "ಭಾರೀ ಹುಷಾರಿದ್ದೀ ಮಾರಾಯ್ತಿ. ಎಲ್ಲರೂ ಆ ಸಣ್ಣ ಓಣಿ ಎಲ್ಲಿ, ಆ ಅಜ್ಜಿ ಎಲ್ಲಿ ಅಂತ ಕೇಳುದು. ಇದನ್ನು ರೂಟಿಗೆ ಸೇರಿಸಿಬಿಡುವ." ಹಿಂದೆಯೇ ಒಬ್ಬ ಹಳದಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ. ಮಧ್ಯಾಹ್ನದೊಳಗೆ ನಮ್ಮ ಹೊಸ್ತಿಲ ಮುಂದೆ ಬಾಣ ಬಂತು. ಬಾಣದ ಹಿಂದೆ ನಿಯಮ ಬಂತು. ಮೀನು ಒಣಗಿಸಬಾರದು. ಬಟ್ಟೆ ಹಾಕಬಾರದು. ಪ್ರತಿ ಮನೆಗೆ ನಕ್ಷತ್ರ ತೂಗಬೇಕು. ಹಗಲು ರೂಟಿನಲ್ಲಿ ನಡೆದು ಹೋಗಬಾರದು, ಸೈಕಲ್ಲಿಗೆ ಮಾತ್ರ ಪ್ರವೇಶ. ಮತ್ತು ಸೀಸನ್ ಮುಗಿಯುವ ತನಕ ರೂಟಿನಲ್ಲಿ ಹೆಣ ಸಾಗಿಸಬಾರದು.

ಈ ಕೊನೆಯದು ನನಗೆ ಗೊತ್ತಿಲ್ಲದ್ದಲ್ಲ. ಇಗರ್ಜಿ ಬೀದಿಯಲ್ಲಿ ಡಿಸೆಂಬರಿನಲ್ಲಿ ಸತ್ತವರನ್ನು ಕತ್ತಲಾದ ಮೇಲೆ ಹಿತ್ತಲಿನಿಂದ ಐಸ್ ಪ್ಲಾಂಟಿಗೆ ತರುತ್ತಾರೆ. ಮೂರು ರಾಯರ ಹಬ್ಬ ಕಳೆಯುವ ತನಕ ಅವರು ಟಾರ್ಪಾಲಿನ ಹಿಂದೆ, ಬಂಗುಡೆಯ ಪೆಟ್ಟಿಗೆಗಳ ಪಕ್ಕದಲ್ಲಿ ಕಾಯುತ್ತಾರೆ. ಜಾಗ ಸಾಲುವುದಿಲ್ಲ ಎಂದು ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ. ನಿಲ್ಲಿಸುವವನು ನನ್ನ ಗಂಡ. ಹದಿನಾರು ವರ್ಷದಿಂದ ಅವನು ಆ ಕೆಲಸ ಮಾಡಿ ಬಂದು ನಮ್ಮೊಡನೆ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗೆ ಹಿಟ್ಟು ಕಲಸುತ್ತಿದ್ದಾನೆ. ಆ ನಿಯಮ ನಮ್ಮ ಹೊಸ್ತಿಲಿಗೆ ಬರುತ್ತದೆ ಎಂದು ನಾವು ಇಬ್ಬರೂ ಎಣಿಸಿರಲಿಲ್ಲ. ಓಣಿಗಳಲ್ಲಿ ಸತ್ತವರನ್ನು ಇಗರ್ಜಿಯ ಹಿಂಬದಿಯ ದಾರಿಯಿಂದ ಹೊರುತ್ತಿದ್ದರು, ರೂಟಿನಲ್ಲಿ ಇಲ್ಲದವರಿಗೆ ಎಣಿಸುವ ಅಗತ್ಯ ಇರಲಿಲ್ಲ.

"ನನ್ನ ಮಾಯಿ ಉಳಿಯುದು ಇನ್ನು ಹದಿನೈದು ದಿನವೂ ಇಲ್ಲ" ಎಂದು ಲಾದ್ರು ಪೊರ್ಬುಗಳಿಗೆ ಹೇಳಿದೆ. "ಹೌದಾ, ಪಾಪ" ಅಂದರು. "ಫೆಲಿಕ್ಸ್ ಅಲ್ಲೇ ಇದ್ದಾನಲ್ಲ. ಅವನೇ ನೋಡಿಕೊಳ್ತಾನೆ." ಫೆಲಿಕ್ಸ್ ಬಾಗಿಲಲ್ಲೇ ಇದ್ದ. ಅವನು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ, ಆಗಲೂ ಆಡಲಿಲ್ಲ. "ನನ್ನ ಅಮ್ಮನನ್ನು ನಾನು ಅಲ್ಲಿಗೆ ತೆಕ್ಕೊಂಡು ಹೋಗುದಿಲ್ಲ" ಅಂದ. ಪೊರ್ಬುಗಳು ಬಣ್ಣದವನಿಗೆ ಬಾಣದ ತುದಿ ಸರಿ ಮಾಡಲು ಹೇಳಿದರು.

ಆಮೇಲೆ ದಿನಕ್ಕೆ ಏಳು ಗುಂಪು. ಓಣಿ ಇಪ್ಪತ್ತನೇ ತಾರೀಕಿಗೆ ನಾಲ್ಕು ಮೊಳ ಆಯಿತು. ಮನೆಗಳು ಒಂದಕ್ಕೊಂದು ದೂರವಾಗಿ, ಪಿಸುಮಾತಿನಲ್ಲಿ ನಡೆಯುತ್ತಿದ್ದ ಸಂಸಾರಗಳು ಕೂಗಿ ಮಾತಾಡಬೇಕಾಯಿತು. ನಾವು ಹಗಲೆಲ್ಲ ಮನೆಯೊಳಗೆ, ಅವರು ಕಿಟಕಿಯ ಹೊರಗೆ. ಪ್ರೆಸಿಲ್ಲಾ ಅಜ್ಜಿಯ ಕಿಟಕಿಗೆ ಹಳೆ ಸೀರೆ ಕಟ್ಟಿದಳು. ಯಾರೋ ಸೈಕಲ್ ಮೇಲಿಂದಲೇ ಅದನ್ನು ಸರಿಸಿ ನೋಡಿದರು. ಅವಳು ಕಿಟಕಿಯ ದಂಡೆಯಲ್ಲಿ ಮೆಣಸಿನಪುಡಿಯ ಡಬ್ಬ ಇಟ್ಟುಕೊಂಡು ಕಾವಲು ಕೂತಳು. ನಾನು ಬೈಯಲಿಲ್ಲ.

ಇಪ್ಪತ್ತಮೂರರ ಮಧ್ಯಾಹ್ನ, ಹೊರಗೆ ಐದನೇ ಗುಂಪಿನ ಗಂಟೆ ಕೇಳುತ್ತಿರುವಾಗ, ಮಾಯಿ ಪ್ರೆಸಿಲ್ಲಾಳ ಕೈಯಿಂದ ಎರಡು ಚಮಚ ಗಂಜಿ ಕುಡಿದು, ಮೂರನೆಯದನ್ನು ಬೇಡ ಅಂದರು. ಅಷ್ಟೇ. ಗಂಟೆ ಬಾರಿಸುತ್ತಿದ್ದವಳು ನಾನು. ದಂಡೆಯ ತನಕ ಹೋಗಿ, ಅಲ್ಲಿ ಕಡಲು ಎಷ್ಟು ಹಳೆಯದು ಎಂದು ಹೇಳಿ, ತಿರುಗಿ ಬಂದ ಮೇಲೆ ನನಗೆ ಗೊತ್ತಾಯಿತು.

ಫಾದರ್ ಹೇಳಿದರು, "ಇಗರ್ಜಿಯ ಬಾಗಿಲು ನಾನು ಮುಚ್ಚುವುದಿಲ್ಲ ಸೆವ್ರಿನ್. ಆದರೆ ಬಾಗಿಲಿನ ತನಕ ರಸ್ತೆ ಕಮಿಟಿಯದ್ದು." ಪದ್ಮನಾಭಣ್ಣ ಸಂಜೆಯಿಂದಲೇ ಗರಗಸ ಹಿಡಿದರು. ಹನ್ನೊಂದು ವರ್ಷ ಎಲ್ಲವನ್ನೂ ಸಪೂರ ಮಾಡಿದವರು ಆ ಪೆಟ್ಟಿಗೆಯನ್ನು ಬೇಕೆಂದೇ ಅಗಲ ಮಾಡಿದರು. "ಇಷ್ಟು ದಿನ ಆ ಹಾಳು ಮಂಚದಲ್ಲಿ ಒಂದು ಮಗ್ಗುಲಲ್ಲೇ ಮಲಗಿದ್ದಾರೆ. ಮೊಣಕೈ ಬಿಡಿಸಿ ಮಲಗಲಿ" ಅಂದರು. ಆಮೇಲೆ ನನ್ನನ್ನು ಕೇಳಿದರು, "ಹೊರುದು ಹೇಗೆ? ನಡೆದರೆ ಮೂಲೆಯಲ್ಲೇ ತಡೀತಾರೆ." ನಾನು ಬಾಗಿಲ ಹೊರಗೆ ನೋಡಿದೆ. ಬಾಣದ ಮೇಲೆ ನನ್ನ ಸೈಕಲ್ ನಿಂತಿತ್ತು.

ಇಪ್ಪತ್ತನಾಲ್ಕರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಗುಂಪು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿತ್ತು. ಇಪ್ಪತ್ತೆರಡು ಜನ. ಅವರನ್ನು ನೇರ ಉಪ್ಪಿನ ಓಣಿಗೆ ತಂದು ನಿಲ್ಲಿಸಿದೆ. ನಮ್ಮ ಬಾಗಿಲಿನಲ್ಲಿ ಎರಡು ಸೈಕಲ್ ಜೋಡಿಯಾಗಿ, ಕ್ಯಾರಿಯರಿಂದ ಕ್ಯಾರಿಯರಿಗೆ, ಹ್ಯಾಂಡಲಿಂದ ಹ್ಯಾಂಡಲಿಗೆ ಹಲಗೆ ಬಿಗಿದು, ಮೇಲೆ ಮಾಯಿಯ ಪೆಟ್ಟಿಗೆ. ಒಂದು ಸೈಕಲ್ ಫೆಲಿಕ್ಸ್ ಹಿಡಿದಿದ್ದ, ಇನ್ನೊಂದು ಪದ್ಮನಾಭಣ್ಣ. ನಾನು ಮುಂದೆ, ತಲೆಯ ಮೇಲೆ ಕೆಂಪು ಟೊಪ್ಪಿ. ನನ್ನ ಕ್ಯಾರಿಯರಿನಲ್ಲಿ ಪ್ರೆಸಿಲ್ಲಾ, ಅವಳ ಕೈಯಲ್ಲಿ ಶಿಲುಬೆ. ಓಣಿಯವರು ಬಾಗಿಲು ತೆರೆದು, ಇದ್ದ ಸೈಕಲ್ಲುಗಳನ್ನೆಲ್ಲ ಹೊರಗೆ ತಂದಿದ್ದರು. ಗುಂಪಿನಲ್ಲಿ ಒಬ್ಬರು, "ಮೇಡಂ, ಇದು ಪ್ರೋಗ್ರಾಮಿನಲ್ಲಿ ಇದೆಯಾ?" ಎಂದು ಕೇಳಿದರು. "ಇದೆ. ಹಿಂದೆ ಬನ್ನಿ" ಅಂದೆ.

ತಿರುವು ಬಂತು. ಗಂಟೆ ಒಮ್ಮೆ ಬಾರಿಸಿದೆ. ಹಿಂದೆ ನೋಡಿದೆ. ಎರಡು ಸೈಕಲ್ಲಿನ ನಾಲ್ಕು ಚಕ್ರ ನಿಧಾನ ಹೊರಳಿದವು. ಪೆಟ್ಟಿಗೆಯ ಮೂಲೆ ಮತ್ತು ಗೋಡೆಯ ನಡುವೆ ಪದ್ಮನಾಭಣ್ಣ ತಮ್ಮ ಅಂಗೈ ಅಡ್ಡ ಇಟ್ಟಿದ್ದರು. ಅಂಗೈಗೆ ಏನೂ ತಾಗಲಿಲ್ಲ. ಒಳಗೆ ಸದ್ದಾಗಲಿಲ್ಲ.

ಓಣಿಯ ಬಾಯಿಯಲ್ಲಿ, ಹಿಂದೆ ನಮ್ಮ ಕಲ್ಲುಕಂಬ ಇದ್ದ ಜಾಗದಲ್ಲೇ, ಲಾದ್ರು ಪೊರ್ಬು ಎರಡೂ ಕೈ ಚಾಚಿ ನಿಂತಿದ್ದರು. ಪ್ರವಾಸಿಗಳು ಕೇಳಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿ, "ತಲೆ ಸರಿ ಉಂಟಾ ನಿನಗೆ? ನಾಳೆ ಹಬ್ಬ. ರೂಟಿನಲ್ಲಿ ಸೈಕಲ್ ಅಲ್ಲದೆ ಬೇರೆ ಎಂತದಕ್ಕೂ ಪ್ರವೇಶ ಇಲ್ಲ" ಅಂದರು.

"ಸೈಕಲ್ಲೇ ಪೊರ್ಬುಗಳೇ. ಎರಡುಂಟು" ಅಂದೆ.

"ತಮಾಷೆ ಮಾಡ್ಬೇಡ."

"ಒಂಬತ್ತು ವರ್ಷ ನಿಮ್ಮ ಬಾಣದ ಹಿಂದೆ ತಿರುಗಿದ್ದೇನೆ. ಇವತ್ತು ಮಾಯಿಗೆ ಊರು ತೋರಿಸ್ತೇನೆ. ಮದುವೆಯಾಗಿ ಬಂದಾಗಿನಿಂದ ಈ ಊರಿನಲ್ಲೇ ಬಾಳಿದವರು ಅವರು, ನಿಮ್ಮ ದೀಪದ ಬೀದಿಯನ್ನು ಒಂದು ಸಲವೂ ನೋಡಿಲ್ಲ. ಅಡ್ಡಡ್ಡ ನಡೆದು ಹೋಗಿ ಬರ್ಲಿಕ್ಕೆ ಅವರ ಸೊಂಟ ಬಿಡಲಿಲ್ಲ. ಕೈ ಇಳಿಸಿ."

"ಇಳಿಸದಿದ್ದರೆ?"

ನನಗಿಂತ ಮೊದಲು ಪ್ರೆಸಿಲ್ಲಾ ಹಿಂದಿನಿಂದ, "ಇಳಿಸದಿದ್ದರೆ ನೀವು ನಿಂತುಕೊಂಡೇ ಇರ್ಬೇಕಾಗ್ತದೆ ಅಂಕಲ್. ಇಷ್ಟು ಜನ ಫೋಟೋ ತೆಗೀತಾರೆ" ಅಂದಳು. ನಿಜವಾಗಿ ಇಪ್ಪತ್ತೆರಡು ಫೋನುಗಳೂ ಮೇಲೆದ್ದಿದ್ದವು. ಆ ಫೋನುಗಳ ಮೇಲೆ ನನಗಿದ್ದ ಸಿಟ್ಟು ಆಗಲೂ ಇಳಿಯಲಿಲ್ಲ, ಆದರೆ ಕೆಲಸಕ್ಕೆ ಬಂತು. ಪೊರ್ಬುಗಳು ಫೋನುಗಳನ್ನು ನೋಡಿ, ಕೈ ಇಳಿಸಿ, ಶರ್ಟು ಸರಿ ಮಾಡಿಕೊಂಡು ಪಕ್ಕಕ್ಕೆ ಸರಿದರು. ನಕ್ಕರು ಕೂಡ, ಫೋಟೋಕ್ಕೆ.

ಹಳದಿ ಬಾಣಗಳನ್ನು ಒಂದೂ ಬಿಡದೆ ಹೋದೆವು. ದೀಪಸ್ತಂಭ, ಕಡಲ ದಂಡೆ, ಇಗರ್ಜಿ ಬೀದಿ, ದೀಪದ ಬೀದಿ. ಹಗಲಾದರೂ ನಕ್ಷತ್ರಗಳೆಲ್ಲ ಉರಿಯುತ್ತಿದ್ದವು. ಆಳೆತ್ತರದ ಗೋದಲಿಯ ಮುಂದೆ ನಿಲ್ಲಿಸಿ, ಪ್ರತಿ ದಿನ ಹೇಳುವುದನ್ನೇ ಗಟ್ಟಿಯಾಗಿ ಹೇಳಿದೆ, ಯಾವ ವರ್ಷ ಕಟ್ಟಿದ್ದು, ಎಷ್ಟು ಗೊಂಬೆ, ಯಾವ ಮರ. ಮಾಯಿಗಾಗಿ ಹೇಳಿದೆ. ಬೇರೆ ಗುಂಪುಗಳೂ ನಮ್ಮ ಹಿಂದೆ ಸೇರಿಕೊಂಡವು. ಸುತ್ತು ಮುಗಿಸಿ ಮತ್ತೆ ಇಗರ್ಜಿಗೆ ಬರುವಾಗ ನೂರಕ್ಕೂ ಹೆಚ್ಚು ಸೈಕಲ್. ಬಹಳ ಜನಕ್ಕೆ ಪೆಟ್ಟಿಗೆಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಗೊತ್ತಾದ ಒಬ್ಬ ಮುದುಕ ಸೈಕಲ್ ಇಳಿದು, ಟೊಪ್ಪಿ ಕಂಕುಳಲ್ಲಿ ಇಟ್ಟುಕೊಂಡು, ಕಡೆಯ ತನಕ ತಳ್ಳಿಕೊಂಡು ನಡೆದ. ಅವನು ಯಾವ ಊರಿನವನೋ. ಅವನೊಬ್ಬನಿಗೆ ನಾನು ಧನ್ಯವಾದ ಹೇಳಬೇಕಿತ್ತು, ಹೇಳಲಿಲ್ಲ.

ಮಾಯಿಯನ್ನು ಮಣ್ಣು ಮಾಡಿ ಬಂದ ಸಂಜೆಯೇ ಟೊಪ್ಪಿ ಹೋಯಿತು. ಓಣಿಯನ್ನು ರೂಟಿನಿಂದ ತೆಗೆದರು. ಹೊಸ್ತಿಲ ಮುಂದಿನ ಬಾಣಕ್ಕೆ ಕರಿ ಬಣ್ಣ ಬಳಿದು ಹೋದರು. ಪ್ರೆಸಿಲ್ಲಾ ಮೊನ್ನೆ ಕೈ ಚಾಚಿ ನಿಂತಳು, ಇನ್ನೂ ಗೋಡೆ ತಾಗುತ್ತಿಲ್ಲ. ಮುಂದಿನ ಡಿಸೆಂಬರಿನಿಂದ ಮತ್ತೆ ಕಿರಿದಾಗುತ್ತಾ ಹೋಗುತ್ತದೆ, ನನ್ನ ಪೆಟ್ಟಿಗೆಯ ಹೊತ್ತಿಗೆ ಎಷ್ಟು ಉಳಿದಿರುತ್ತದೋ. ಮಾಯಿ ನನ್ನಿಂದ ತೆಗೆದುಕೊಂಡ ಹಾಗೆ ನಾನು ಅವಳಿಂದ ಯಾವ ಮಾತನ್ನೂ ತೆಗೆದುಕೊಳ್ಳುವುದಿಲ್ಲ.

ಮಾಯಿಯನ್ನು ಮಲಗಿಸಿಯೇ ಹೊರಗೆ ತೆಗೆದೆವು.